ಸ್ಟೀಲ್ ಲೋಟ ಕೇಳಿದವರು

ಕಳೆದ ತಿಂಗಳು ಟೆಕ್ಸಾಸಿನ ಟೇಲರ್ ಎಂಬ ಊರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಬೆಳಿಗ್ಗೆ ಹೋಮ, ಮಧ್ಯಾಹ್ನ ಬಾಳೆ ಎಲೆ ಊಟ, ಸಂಜೆ ಪಾರ್ಟಿ. ಹಾಲ್‌ನ ನಡುವೆ ಯಾರೋ ಬಾಟಲಿಯ ಬಿರಡೆ ತೆಗೆದರು. ಢಬ್ ಎಂದು ಸದ್ದಾಯಿತು, ಎಲ್ಲರೂ ಕೂಗಿದರು. ಒಂದು ಗ್ಲಾಸು ನನ್ನ ಕೈಗೂ ಬಂತು. ಮೂಗಿನ ಹತ್ತಿರ ತಂದರೆ ಹಸಿರು ಸೇಬಿನ ವಾಸನೆ, ಅದರ ಹಿಂದೆಯೇ ಬೇಕರಿಯಲ್ಲಿ ಆಗತಾನೇ ಕೊಯ್ದ ಬ್ರೆಡ್ಡಿನ ವಾಸನೆ. ನನ್ನ ಕೈ ಅಲ್ಲೇ ನಿಂತಿತು.

"ಇಂಗ್ಲೆಂಡ್‌ದು ಕಣ್ರೀ, ಸಸೆಕ್ಸ್‌ದು. ತುಂಬಾ ಸಣ್ಣ ವಿನ್ಯಾರ್ಡ್. ನಾವು ಹೋಗಿ ಟೂರ್ ಮಾಡ್ಕೊಂಡು ಬಂದ್ವಿ. ಈಗ ಫ್ರೆಂಚ್ ಷಾಂಪೇನ್‌ಗಿಂತ ಇದೇ ಫೇಮಸ್ ಗೊತ್ತಾ?" ಎಂದರು ಮನೆಯೊಡತಿಯ ತಾಯಿ. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಉದ್ದ ಕತ್ತಿನ ಗಾಜಿನ ಲೋಟ. ಯಾರೂ ಅವರನ್ನು ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಎಲ್ಲರ ಕೈಯಲ್ಲೂ ಅದೇ ಇತ್ತು.

ನಾನು ಕುಡಿಯಲಿಲ್ಲ. ಗ್ಲಾಸನ್ನು ಕಿಟಕಿಯ ಪಕ್ಕ ಇಟ್ಟು ಹಿತ್ತಿಲ ಕಡೆ ಹೋಗಿ ನಿಂತೆ. ನನಗೆ ಆಂಟಿಯ ನೆನಪು ಬಂದಿತ್ತು. ನೆನಪು ಬಂತು ಅನ್ನುವುದಕ್ಕಿಂತ ಸಿಟ್ಟು ಬಂತು ಅಂದರೆ ಸರಿ.

ತೊಂಬತ್ತರ ದಶಕದ ಕೊನೆ. ನಾನು ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದೆ. ಎಣ್ಣೆ ಕಂಪನಿಗಳ ಕಚೇರಿಗಳಿರುವ ಎನರ್ಜಿ ಕಾರಿಡಾರ್‌ನ ಹಿಂದಿನ ಬಡಾವಣೆಯಲ್ಲಿ ಆಂಟಿಯ ಮನೆ. ಅದರ ಮಹಡಿಯ ಕೋಣೆಯಲ್ಲಿ ನನ್ನ ವಾಸ. ಆಂಟಿ ಧಾರವಾಡದವರು. ಗಂಡನಿಗೆ ಎಣ್ಣೆ ಕಂಪನಿಯಲ್ಲಿ ಕೆಲಸ. ಮದುವೆಯಾದ ಮೇಲೆ ಬಹಳ ವರ್ಷ ಇಂಗ್ಲೆಂಡಿನಲ್ಲೇ ಇದ್ದರಂತೆ. ಆಮೇಲೆ ಕಂಪನಿ ಹ್ಯೂಸ್ಟನ್ನಿಗೆ ಕಳಿಸಿತು. ಬಂದ ಸ್ವಲ್ಪ ದಿನಕ್ಕೇ ಗಂಡ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಆಂಟಿ ಕುಂಕುಮ ಅಳಿಸಲಿಲ್ಲ, ಬಣ್ಣದ ಸೀರೆ ಬಿಡಲಿಲ್ಲ, ಊರಿಗೂ ವಾಪಸು ಹೋಗಲಿಲ್ಲ. ಈ ಮೂರಕ್ಕೂ ನಮ್ಮ ಕನ್ನಡದ ಜನರಲ್ಲಿ ಅವರ ಬೆನ್ನ ಹಿಂದೆ ಮಾತು ಇದ್ದೇ ಇತ್ತು.

ನಾನು ಮೈಸೂರಿನ ಕ್ರೈಸ್ತರ ಹುಡುಗಿ. ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದಾಗ ಅದನ್ನು ಮೊದಲೇ ಹೇಳಿಬಿಟ್ಟೆ; ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ತಡವರಿಸುವುದು ಬೇಡ ಅಂತ. ಆಂಟಿ ಕೇಳಿದ್ದು ಒಂದೇ ಪ್ರಶ್ನೆ. "ಕ್ರಿಸ್‌ಮಸ್‌ಗೆ ನಿಮ್ಮ ಮನ್ಯಾಗ ವೈನ್ ಹಾಕ್ತಾರೇನು?" ಹಾಕುತ್ತಾರೆ ಎಂದೆ. ಅಮ್ಮ ಜಾಡಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದದ್ದು, ದಿನಾ ಮರದ ಸೌಟಿನಲ್ಲಿ ಕೈಯಾಡಿಸುತ್ತಿದ್ದದ್ದು, ಮನೆಯೆಲ್ಲ ಹುಳಿ ವಾಸನೆ ಹಿಡಿಯುತ್ತಿದ್ದದ್ದು ಎಲ್ಲ ಹೇಳಿದೆ. ಆಂಟಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಹಂಗಾದ್ರ ನಿನಗ ತಿಳೀತದ ಬಿಡು ತಂಗಿ" ಎಂದರು.

ತಿಳಿಯಬೇಕಾಗಿದ್ದ ಸಂಗತಿ ಅವರ ಮಲಗುವ ಕೋಣೆಯ ಬಟ್ಟೆಯ ಕಪಾಟಿನೊಳಗೆ, ಹಳೇ ಸೀರೆಗಳ ಮಧ್ಯೆ ಅಡ್ಡ ಮಲಗಿತ್ತು. ನೊರೆ ಉಕ್ಕುವ ವೈನಿನ ಕೆಲವು ದಪ್ಪ ಗಾಜಿನ ಬಾಟಲಿಗಳು. ಇಂಗ್ಲೆಂಡಿನ ಸಸೆಕ್ಸ್ ಕಡೆಯ ಹಳ್ಳಿಯಲ್ಲಿ ಅವರಿದ್ದ ಮನೆಯ ಹಿಂದೆ ಒಂದು ಇಳಿಜಾರು. ಸೀಮೆಸುಣ್ಣದ ಥರ ಬೆಳ್ಳಗಿರುವ ಮಣ್ಣು. ಅಲ್ಲಿ ರಿಟೈರಾದ ಗಂಡಹೆಂಡತಿ ದ್ರಾಕ್ಷಿ ಹಾಕಿದ್ದರು. ಇಂಗ್ಲೆಂಡಿನಲ್ಲಿ ದ್ರಾಕ್ಷಿಯೇ ಎಂದು ಊರವರೇ ನಗುತ್ತಿದ್ದರಂತೆ. ಒಂದು ಅಕ್ಟೋಬರಿನಲ್ಲಿ ಮಳೆ ಬರುವ ಮೊದಲು ಕೊಯ್ಲು ಮುಗಿಸಬೇಕು, ಕೈ ಸಾಲದು ಎಂದು ಆ ಹೆಂಗಸು ಬಂದು ಆಂಟಿಯ ಬಾಗಿಲು ತಟ್ಟಿದಳು. ಆ ಊರಿಗೆ ಹೋಗಿ ಅಷ್ಟು ವರ್ಷವಾದ ಮೇಲೆ ಯಾರಾದರೂ ಬಾಗಿಲು ತಟ್ಟಿ ಬಾ ಅಂದದ್ದು ಅದೇ ಮೊದಲು ಎಂದು ಆಂಟಿ ಹೇಳುತ್ತಿದ್ದರು. ಸೀರೆಯ ಮೇಲೆ ಗಂಡನ ಸ್ವೆಟರು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಕತ್ತರಿ. ಅಂದಿನಿಂದ ಪ್ರತಿ ಕೊಯ್ಲಿಗೂ ಹೋದರು. ಹ್ಯೂಸ್ಟನ್ನಿಗೆ ಬಂದ ಮೇಲೂ, ಗಂಡ ಸತ್ತ ಮೇಲೂ, ಅಕ್ಟೋಬರಿನಲ್ಲಿ ವಿಮಾನ ಹತ್ತಿ ಹೋಗುತ್ತಿದ್ದರು. ಕೊಯ್ದವರಿಗೆ ಮಧ್ಯಾಹ್ನ ಸೂಪು, ಬ್ರೆಡ್ಡು. ಹೊರಡುವಾಗ ಕೈಗೆ ಬಾಟಲಿ. ಅದನ್ನು ಸೀರೆಯಲ್ಲಿ ಸುತ್ತಿ ತರುತ್ತಿದ್ದರು.

"ಆ ಥಂಡ್ಯಾಗ ನನ್ನ ಇಡ್ಲಿ ಹಿಟ್ಟು ಒಂದಿನಾನೂ ಉಬ್ಬಲಿಲ್ಲ ನೋಡು. ದ್ರಾಕ್ಷಿ ರಸ ಮಾತ್ರ ಬಾಟ್ಲ್ಯಾಗ ಕುಂತು ಉಬ್ಬತಿತ್ತು" ಎನ್ನುತ್ತಿದ್ದರು. ಮುಚ್ಚಿದ ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿ, ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ ತಳದಲ್ಲಿ ಕೂತ ಗಷ್ಟನ್ನು ಬಾಟಲಿಯ ಕತ್ತಿಗೆ ಇಳಿಸುವುದು... ಇದೆಲ್ಲ ಅವರ ಬಾಯಲ್ಲಿ ಉಪ್ಪಿನಕಾಯಿ ಹಾಕುವ ಮಾತಿನ ಹಾಗೆ ಬರುತ್ತಿತ್ತು. ಯಾರಾದರೂ ಷಾಂಪೇನ್ ಎಂದರೆ ಮುಖ ಸಿಂಡರಿಸುವರು. "ಅದು ಫ್ರಾನ್ಸ್‌ದು. ಇದು ನಮ್ಮೂರಿಂದು." ಧಾರವಾಡವನ್ನು ನಮ್ಮೂರು ಎಂದಷ್ಟೇ ಸಲೀಸಾಗಿ ಸಸೆಕ್ಸನ್ನೂ ನಮ್ಮೂರು ಎನ್ನುತ್ತಿದ್ದರು. ಹ್ಯೂಸ್ಟನ್ನಿನ ಅಂಗಡಿಗಳಲ್ಲಿ ಆಗ ಅದು ಸಿಗುತ್ತಿರಲಿಲ್ಲ.

ಬಾಟಲಿ ಅವರ ಬದುಕಿನ ಒಂದು ಮೂಲೆ ಮಾತ್ರ. ಬದುಕೆಲ್ಲ ಇದ್ದದ್ದು ಭಾನುವಾರದ ಕನ್ನಡ ಕ್ಲಾಸಿನಲ್ಲಿ. ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆಗಳನ್ನಿಟ್ಟು ರವೆ ಹರಡುವರು. ಮಕ್ಕಳು ಬೆರಳಲ್ಲಿ ಅ, ಆ ತಿದ್ದಬೇಕು. ಪ್ರತಿ ಮಗುವೂ ಮನೆಯಿಂದ ಒಂದು ಹೊಸ ಮಾತು ತರಬೇಕು. ಅಪ್ಪ ಅಮ್ಮನನ್ನು ಕೇಳಿಯೋ, ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳಿಯೋ. ಒಬ್ಬ 'ಗೊಜ್ಜು' ತರುತ್ತಿದ್ದ, ಇನ್ನೊಬ್ಬಳು 'ಮುಸ್ಸಂಜೆ' ತರುತ್ತಿದ್ದಳು. ಎಲ್ಲರೂ ಸೇರಿ ಆ ಮಾತನ್ನು ರವೆಯಲ್ಲಿ ಬರೆಯುವರು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು ಇಲ್ಲಿ "ಹೌದ್ರೀ ಆಂಟಿ, ಇಲ್ರೀ ಆಂಟಿ" ಎನ್ನುತ್ತಿದ್ದವು. ಬೆಂಗಳೂರಿನ ಸಾಫ್ಟ್‌ವೇರ್ ಅಪ್ಪಂದಿರಿಗೆ ಅದೊಂದು ತಮಾಷೆ. "ನಮ್ಮ ಮಕ್ಕಳನ್ನ ಹುಬ್ಬಳ್ಳಿಯವರು ಮಾಡಿಬಿಟ್ರಿ" ಎಂದು ನಗುತ್ತಿದ್ದರು. ಆಂಟಿಗೆ ಆ ಮಕ್ಕಳೇ ಮಕ್ಕಳು. ಶನಿವಾರ ಸಂಜೆಯಿಂದಲೇ ಅವರ ನಡಿಗೆ ಬೇರೆಯಾಗುತ್ತಿತ್ತು.

ಕ್ಲಾಸಿನಲ್ಲಿ ಎಲ್ಲರಿಗಿಂತ ಚೂಟಿ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಮಗಳು. ಆಂಟಿಯ ಮೊಣಕೈಗೆ ಅಂಟಿಕೊಂಡೇ ಕೂರುವಳು. ಒತ್ತಕ್ಷರ ಬರೆಯಲು ಬಂದ ದಿನ ಅವಳಿಗಿಂತ ಹೆಚ್ಚು ಕುಣಿದವರು ಆಂಟಿ.

ವರ್ಷದ ಕೊನೆಯ ಕ್ಲಾಸು ಮೇ ತಿಂಗಳಲ್ಲಿ. ಅಂದು ಮಕ್ಕಳ ಹಾಡು, ನಾಟಕ, ಎಲ್ಲರಿಗೂ ಊಟ. ಗಂಡಸರು ಊಟಕ್ಕೆ ಮುಂಚೆ ಗ್ಯಾರೇಜಿಗೆ ಹೋಗುವರು. ಆ ಕಾಲದಲ್ಲಿ ಟೆಕ್ಸಾಸಿನಲ್ಲಿ ನಮ್ಮವರ ಯಾವ ಮನೆಗೆ ಹೋದರೂ ಇದೇ ಪದ್ಧತಿ. ಗ್ಯಾರೇಜಿನಲ್ಲಿ ಐಸ್ ಡಬ್ಬ, ಅದರಲ್ಲಿ ಬಿಯರು, ಕಾರಿನ ಬಾನೆಟ್ಟಿನ ಮೇಲೆ ವಿಸ್ಕಿ. ಒಳಗಿನ ಹೆಂಗಸರಿಗೆ ಗೊತ್ತು, ಮಕ್ಕಳಿಗೂ ಗೊತ್ತು, ಊರಿಂದ ಬಂದ ಅತ್ತೆ ಮಾವಂದಿರಿಗೂ ಗೊತ್ತು. ಆದರೆ ಗ್ಯಾರೇಜು ಮನೆಯ ಲೆಕ್ಕಕ್ಕೆ ಬಾರದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಆಂಟಿ ಮಾತ್ರ ಊಟದ ಮೇಜಿನ ಮೇಲೇ ಬಾಟಲಿ ತೆರೆಯುತ್ತಿದ್ದರು. ವರ್ಷಕ್ಕೊಂದು, ಆ ದಿನಕ್ಕೆಂದೇ ಎತ್ತಿಟ್ಟದ್ದು. ಮಕ್ಕಳು ಕಲಿತ ಖುಷಿಗೆ ಒಂದು ಗ್ಲಾಸು, ಸತ್ತ ಗಂಡನ ಹೆಸರಲ್ಲಿ ಒಂದು ಗುಟುಕು ಹೆಚ್ಚು. ಗಾಜಿನಲ್ಲೇ ಕುಡಿಯುವರು. ಮೊದಲ ವರ್ಷ ಹೆಂಗಸರು ಮುಖ ಮುಖ ನೋಡಿಕೊಂಡರಂತೆ. ಎರಡನೇ ವರ್ಷ ಒಬ್ಬೊಬ್ಬರೇ ಅಡುಗೆಮನೆಗೆ ಬಂದು ಪಿಸುಗುಟ್ಟಿದರಂತೆ. ನಂಗೂ ಸ್ವಲ್ಪ ಆಂಟಿ, ಆದರೆ ಸ್ಟೀಲ್ ಲೋಟದಲ್ಲಿ ಕೊಡಿ. ಸ್ಟೀಲ್ ಲೋಟದಲ್ಲಿ ಏನಿದೆ ಅಂತ ಯಾರಿಗೆ ಗೊತ್ತಾಗಬೇಕು? ಮಜ್ಜಿಗೆ ಅಂದರೆ ಮಜ್ಜಿಗೆ, ನೀರು ಅಂದರೆ ನೀರು. ಆಂಟಿಗೆ ಅದು ಸೇರುತ್ತಿರಲಿಲ್ಲ. "ಗುಳ್ಳಿ ಏಳೂದು ನೋಡಬೇಕರೀ. ಲೋಟದಾಗ ಏನ ಕಾಣ್ತದ?" ಎನ್ನುವರು. ಆದರೂ ಕೊಡುವರು. ಕೇಳಿದವರಿಗೆ ಇಲ್ಲ ಅಂದು ಅವರಿಗೆ ಗೊತ್ತಿರಲಿಲ್ಲ.

ನಾನು ಬಂದ ಮೇಲಿನ ಮೊದಲ ಮೇ ತಿಂಗಳಲ್ಲಿ ಅಧ್ಯಕ್ಷರ ತಾಯಿ ಊರಿಂದ ಬಂದಿದ್ದರು. ತುಂಬ ಮಡಿಯ ಹೆಂಗಸು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಹಾಲ್‌ನಲ್ಲಿ ಕೂತು ಮೊಮ್ಮಗಳ ಹಾಡು ಕೇಳಿ ಕಣ್ಣು ಒರೆಸಿಕೊಂಡಿದ್ದರು. ಅಧ್ಯಕ್ಷರ ಹೆಂಡತಿ ಅಡುಗೆಮನೆಗೆ ಬಂದು ಆಂಟಿಯ ಕಿವಿಯ ಹತ್ತಿರ ಹೇಳಿದ್ದನ್ನು ಹಪ್ಪಳ ಕರಿಯುತ್ತಿದ್ದ ನಾನು ಕೇಳಿಸಿಕೊಂಡೆ.

"ಆಂಟಿ, ನಂದು ಸ್ಟೀಲ್ ಲೋಟದಲ್ಲೇ ಪ್ಲೀಸ್. ನಮ್ಮತ್ತೆ ಇದ್ದಾರೆ."

ಆಂಟಿ ಹಾಕಿಕೊಟ್ಟರು. ಆಕೆ ಇನ್ನೂ ಬಾಯಿಗಿಟ್ಟಿರಲಿಲ್ಲ, ಬಾಗಿಲಲ್ಲಿ ಅತ್ತೆಯ ಬಳೆ ಸದ್ದಾಯಿತು. ಆಕೆ ಲೋಟವನ್ನು ಪಕ್ಕದಲ್ಲಿದ್ದ ನಿಂಬೆ ಪಾನಕದ ಲೋಟಗಳ ಸಾಲಿಗೆ ಸೇರಿಸಿ, ಒರೆಸುವ ಬಟ್ಟೆ ಎತ್ತಿಕೊಂಡು ಒಲೆಯ ಕಡೆ ತಿರುಗಿದರು. ಅಜ್ಜಿಗೆ ಹ್ಯೂಸ್ಟನ್ನಿನ ಸೆಕೆ. ಕೈಗೆ ಸಿಕ್ಕ ಮೊದಲ ಲೋಟ ಎತ್ತಿ ಗಟಗಟ ಸುರಿದುಕೊಂಡರು. ನಮಗೆ ಯಾರಿಗೂ ಬಾಯಿ ತೆರೆಯುವಷ್ಟು ಹೊತ್ತೂ ಸಿಗಲಿಲ್ಲ. ಮೂಗಿಗೆ ನೊರೆ ಏರಿ ಅಜ್ಜಿ ಒಮ್ಮೆ ಸೀನಿದರು.

"ಪಾನಕ ಚೆನ್ನಾಗಿದೆ. ಗಂಟಲಲ್ಲಿ ಚುರುಚುರು ಅನ್ನತ್ತೆ. ಒಂಚೂರು ಬೆಲ್ಲ ಬೇಕಿತ್ತು ಅಷ್ಟೆ. ಇನ್ನೊಂದು ಲೋಟ ಇದ್ರೆ ಕೊಡಮ್ಮ" ಎಂದರು.

ಅದು ಅಷ್ಟಕ್ಕೇ ನಿಂತಿದ್ದರೆ ಇವತ್ತಿಗೂ ನಕ್ಕುಬಿಡಬಹುದಾದ ಕಥೆ. ಆದರೆ ಅಜ್ಜಿಯ ಹಿಂದೆ ಮೊಮ್ಮಗಳು ಬಂದಿದ್ದಳು. ಲೋಟ ಮೂಸಿ ನೋಡಿ, ತನಗೆ ಗೊತ್ತಿರುವ ವಿಷಯ ಹೇಳುವ ಮಕ್ಕಳ ಹುರುಪಿನಲ್ಲಿ ಕೂಗಿದಳು. "ಅಜ್ಜಿ, ದಟ್ಸ್ ನಾಟ್ ಪಾನಕ! ದಟ್ಸ್ ಆಂಟೀಸ್ ವೈನ್!"

ಆಮೇಲೆ ಆದದ್ದು ಒಂದರ ಮೇಲೊಂದು. ಅಜ್ಜಿ ಬಚ್ಚಲಿಗೆ ಓಡಿದರು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡು, ಉಟ್ಟ ಸೀರೆಯಲ್ಲೇ ತಲೆಗೆ ನೀರು ಹುಯ್ದುಕೊಂಡರು. ಗ್ಯಾರೇಜಿನಿಂದ ಅಧ್ಯಕ್ಷರು ಬಂದರು. ಅವರ ಬಾಯಿಂದ ಬಿಯರು ಘಮಘಮ ಅನ್ನುತ್ತಿತ್ತು.

"ನಮ್ಮಮ್ಮಂಗೆ ಇದನ್ನ ಯಾರು ಕೊಟ್ಟಿದ್ದು?"

ಅಡುಗೆಮನೆಯ ತುಂಬ ಹೆಂಗಸರು. ಅಷ್ಟೂ ಜನರ ಕೈಯಲ್ಲಿ ಇದ್ದ ಸ್ಟೀಲ್ ಲೋಟಗಳು ಆಗಲೇ ಸಿಂಕಿನಲ್ಲಿ ಸೇರಿಕೊಂಡಿದ್ದವು. ಅಧ್ಯಕ್ಷರ ಹೆಂಡತಿ ಒಲೆಯ ಪಕ್ಕದ ಕಟ್ಟೆಯನ್ನು ಒರೆಸುತ್ತಲೇ ಇದ್ದರು. ಆಂಟಿ ಒಮ್ಮೆ ಅವರ ಬೆನ್ನನ್ನು ನೋಡಿದರು.

"ನನ್ನ ಮನಿ, ನನ್ನ ಬಾಟ್ಲಿ. ತಪ್ಪು ನಂದೇ ಅಂತ ತಿಳೀರಿ" ಎಂದರು ಆಂಟಿ.

ನನಗೆ ತಡೆಯಲಾಗಲಿಲ್ಲ. "ಸರ್, ಅದು ನಿಮ್ಮ ಮನೆಯವರ ಲೋಟ. ಅವರೇ ಕೇಳಿ ಹಾಕಿಸಿಕೊಂಡರು. ನಾನಿಲ್ಲೇ ಇದ್ದೆ" ಎಂದೆ.

"ಅಯ್ಯೋ ದೇವರೇ! ನಾನು ಅದನ್ನ ಮುಟ್ಟೇ ಇಲ್ಲ" ಎಂದರು ಆಕೆ. ದನಿಯಲ್ಲಿ ಅಳು ತುಂಬಿತ್ತು. ಅದು ನಾಟಕದ ಅಳುವಲ್ಲ, ಹೆದರಿಕೆಯದು. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀವು ಸುಮ್ನಿರಿ. ನಿಮ್ಮಲ್ಲಿ ಇದೆಲ್ಲ ಮಾಮೂಲಿ. ನಮ್ಮ ಆಚಾರ ನಿಮಗೆ ಅರ್ಥ ಆಗಲ್ಲ."

ಬಾಯಲ್ಲಿ ಬಿಯರು ಇಟ್ಟುಕೊಂಡು ಆಚಾರ! ಮಾಡೋದೆಲ್ಲಾ ಅನಾಚಾರ, ಮನೆ ಮುಂದೆ ಬೃಂದಾವನ. ನಾನು ಇನ್ನೂ ಏನೋ ಹೇಳುವವಳಿದ್ದೆ. ಆಂಟಿ ನನ್ನ ಕೈ ಹಿಡಿದು, "ಸಾಕು ತಂಗಿ" ಎಂದರು.

ವಾರದೊಳಗೆ ಊರೆಲ್ಲ ಗುಲ್ಲು. ಆಂಟಿ ಬೇಕೆಂದೇ ಸ್ಟೀಲ್ ಲೋಟದಲ್ಲಿ ಹೆಂಡ ಬಚ್ಚಿಟ್ಟು ಮುದುಕಿಗೆ ಕುಡಿಸಿದರಂತೆ. ಮಕ್ಕಳಿಗೂ ರುಚಿ ತೋರಿಸುತ್ತಿದ್ದರಂತೆ. ಗಂಡ ಸತ್ತವಳಿಗೆ ಇನ್ನೇನು ಕೆಲಸವಂತೆ. ಹೇಳಿದವರು ಬೇರೆ ಯಾರೂ ಅಲ್ಲ, ಲೋಟ ಕೇಳಿದ ಅದೇ ಹೆಂಗಸರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಅದನ್ನು ಕಣ್ಣಾರೆ ಕಂಡೆ. ಸಂಘದ ಕಮಿಟಿ ಸೇರಿತು. ಯಾರೋ ಒಬ್ಬರು ಫೋನ್ ಮಾಡಿ, ಮುಂದಿನ ವರ್ಷದಿಂದ ಕ್ಲಾಸು ಅಧ್ಯಕ್ಷರ ಮನೆಗೆ ಶಿಫ್ಟ್ ಆಗುತ್ತದೆ, ಅವರ ಹೆಂಡತಿಯೇ ನಡೆಸುತ್ತಾರೆ, ನಿಮ್ಮ ಸೇವೆಗೆ ಥ್ಯಾಂಕ್ಸ್ ಎಂದರು. ಆಂಟಿ "ಹೂಂ ರೀ" ಎಂದು ಫೋನಿಟ್ಟರು.

ಆಮೇಲೆ ಗೊತ್ತಾದದ್ದು, ಎಲ್ಲರಿಗಿಂತ ಬೇಗ ಸಮಾಧಾನವಾದವರು ಆ ಅಜ್ಜಿಯೇ. ಊರಿಗೆ ಹೊರಡುವ ಮುನ್ನ ತಾವಾಗಿ ಫೋನ್ ಮಾಡಿದರು. ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲಮ್ಮ, ಮಕ್ಕಳ ಪಾಠ ನಿಲ್ಲಿಸಬೇಡ ಅಂತ ನನ್ನ ಮಗನಿಗೂ ಹೇಳಿದ್ದೀನಿ ಎಂದರಂತೆ. ಮಗ ಕೇಳಲಿಲ್ಲ. ಅವರಿಗೆ ತಾಯಿಯ ಮಡಿಗಿಂತ ತಮ್ಮ ಮಡಿ ದೊಡ್ಡದಾಗಿತ್ತು.

ಆಗಸ್ಟಿನಲ್ಲಿ ಶಾಲೆಗಳು ಶುರುವಾದವು. ಭಾನುವಾರ ಬೆಳಿಗ್ಗೆ ನಾನು ಮಹಡಿಯಿಂದ ಇಳಿದು ಬಂದರೆ ಆಂಟಿ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಇಟ್ಟಿದ್ದರು. ರವೆ ಹರಡಿದ್ದರು. ತಲೆಗೆ ನೀರು ಹಾಕಿಕೊಂಡು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದರು. ಒಬ್ಬರಾದರೂ ಬರುತ್ತಾರೆ ಅಂದುಕೊಂಡಿದ್ದರೋ ಏನೋ... ನಾನೂ ಕೂತೆ. ಒಂದು ಕಾರು ನಿಧಾನಿಸಿದ ಸದ್ದಾಯಿತು, ಆಂಟಿ ಎದ್ದರು. ಅದು ಪಕ್ಕದ ಮನೆಯವರದು. ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರವೆಯನ್ನೆಲ್ಲ ಒಟ್ಟು ಮಾಡಿ, ಜರಡಿ ಹಿಡಿದು, ಉಪ್ಪಿಟ್ಟು ಮಾಡಿದರು. ನಾವಿಬ್ಬರೂ ತಿಂದೆವು. ಅದರಷ್ಟು ಕಹಿ ಊಟವನ್ನು ನಾನು ಮಾಡಿಲ್ಲ.

ಅಂದೇ ಕೇಳಿದೆ. ಯಾಕೆ ಹೇಳಲಿಲ್ಲ, ಒಂದು ಮಾತು ಸಾಕಿತ್ತಲ್ಲ ಎಂದು.

"ಆಕಿ ಆ ಮನ್ಯಾಗ ಇರಬೇಕಲ್ಲ ತಂಗಿ. ಗಂಡ ಹಂಗ, ಅತ್ತಿ ಹಿಂಗ. ನನ್ನ ನಂಬಿ ಕೇಳಿದ್ಲು. ನಂಬಿದಾಕಿ ಹೆಸರು ನಾ ಹೆಂಗ ಹೇಳ್ಲಿ?"

"ಅವರು ನಿಮ್ಮ ಹೆಸರು ಹೇಳಿದರಲ್ಲ?"

"ಅದು ಆಕಿ ಹಣೇಬರಾ. ನೀ ಯಾಕ ಬಾಯಿ ಹಾಕ್ದಿ ಅವತ್ತ? ನಿನಗ್ಯಾಕ ಬೇಕಿತ್ತು? ನೀನೂ ಅನ್ನಿಸಿಕೊಂಡಿ, ನನಗೂ ನೋಡಾಕ ಆಗಲಿಲ್ಲ."

ಇದನ್ನು ದೊಡ್ಡತನ ಎಂದು ಹೊಗಳಿ ಮುಗಿಸಬಹುದು. ನನ್ನಿಂದ ಆಗುವುದಿಲ್ಲ. ನನಗೆ ಆಂಟಿಯ ಮೇಲೂ ಸಿಟ್ಟಿದೆ, ಇವತ್ತಿಗೂ. ಅವರ ಪರವಾಗಿ ಮಾತಾಡಿದ್ದು ನಾನೊಬ್ಬಳು, ಬೈಸಿಕೊಂಡದ್ದೂ ನಾನೊಬ್ಬಳೇ. ಆ ಹೆಂಗಸಿನ ಮರ್ಯಾದೆ ಉಳಿಸಲು ಅವರು ಕೊಟ್ಟದ್ದು ತಮ್ಮ ಮರ್ಯಾದೆಯನ್ನು ಮಾತ್ರ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಮಕ್ಕಳನ್ನೂ ಕೊಟ್ಟುಬಿಟ್ಟರು. 'ಗೊಜ್ಜು' 'ಮುಸ್ಸಂಜೆ' ಎಂದು ರವೆಯಲ್ಲಿ ಬರೆಯುತ್ತಿದ್ದ ಮಕ್ಕಳನ್ನು. ಅಧ್ಯಕ್ಷರ ಮನೆಯ ಕ್ಲಾಸು ದೀಪಾವಳಿವರೆಗೆ ಕುಂಟುತ್ತಾ ನಡೆಯಿತು. ಆಮೇಲೆ ಭಾನುವಾರ ಸಾಕರ್ ಇದೆ, ಪಿಯಾನೊ ಇದೆ ಎಂದು ಒಬ್ಬೊಬ್ಬರೇ ಬಿಟ್ಟರು. ಸಂಕ್ರಾಂತಿಯ ಹೊತ್ತಿಗೆ ನಿಂತೇಹೋಯಿತು. ಅದನ್ನು ಆಂಟಿಯ ಮನೆಗೆ ವಾಪಸು ತರೋಣ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಆ ಅಕ್ಟೋಬರಿನಲ್ಲಿ ಆಂಟಿ ಕೊಯ್ಲಿಗೆ ಹೋಗಲಿಲ್ಲ. ಮಂಡಿ ನೋವು ಎಂದರು. ಮರುವರ್ಷವೂ ಹೋಗಲಿಲ್ಲ. ನನ್ನ ಓದು ಮುಗಿದು ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿತು. ಆಂಟಿ ಮನೆ ಮಾರಿ ಡಾಲಸ್‌ನಲ್ಲಿದ್ದ ಅಣ್ಣನ ಮಗನ ಮನೆಯ ಹತ್ತಿರ ಒಂದು ಅಪಾರ್ಟ್‌ಮೆಂಟಿಗೆ ಹೋದರು. ಒಂದು ಸಲ ಡ್ರೈವ್ ಮಾಡಿಕೊಂಡು ಹೋಗಿ ನೋಡಿದೆ. ಬಹಳ ಸೊರಗಿದ್ದರು. ಆ ದ್ರಾಕ್ಷಿ ತೋಟದ ಗಂಡ ತೀರಿಕೊಂಡ, ಹೆಂಡತಿ ಯಾವುದೋ ದೊಡ್ಡ ಕಂಪನಿಗೆ ಜಮೀನು ಕೊಟ್ಟಳು ಎಂದರು. ಹೊರಡುವಾಗ ಬಾಗಿಲವರೆಗೆ ಬಂದು ಕೇಳಿದರು, "ಅಧ್ಯಕ್ಷರ ಮಗಳು ಈಗ ಕನ್ನಡ ಓದತಾಳೇನು?" ನಾನು ಕ್ಲಾಸು ನಿಂತ ವಿಷಯ ಹೇಳಿದೆ. ಯಾಕೆ ಮುಚ್ಚಿಡಬೇಕು? ಆಂಟಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರ ಮುಖ ನೋಡಲು ನನಗೆ ಆಗಲಿಲ್ಲ. "ಛಂದ ಬರೀತಿತ್ತು ಆ ಕೂಸು..." ಎಂದಷ್ಟೇ ಹೇಳಿದರು.

ಮುಂದಿನ ಚಳಿಗಾಲದಲ್ಲಿ ಅವರು ಹೋದರು. ನನಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ.

ಟೇಲರ್‌ನ ಆ ಹೊಸ ಮನೆಯ ಒಡತಿ ಅದೇ ಕೂಸು. ಈಗ ಅಲ್ಲಿಯ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ದೊಡ್ಡ ಕೆಲಸ. ನನ್ನ ಆಫೀಸಿನ ಪರಿಚಯದಿಂದ ಕರೆದಿದ್ದಳು. ನನ್ನನ್ನು ನೋಡಿ ತಬ್ಬಿಕೊಂಡಳು, ಮಾತೆಲ್ಲ ಇಂಗ್ಲಿಷಿನಲ್ಲಿ. ಸಿಟ್ಟೆಲ್ಲ ಇಳಿಯಲಿ ಎಂದು ಹಿತ್ತಿಲಲ್ಲಿ ನಿಂತಿದ್ದ ನನ್ನ ಹತ್ತಿರ ಅವಳ ತಾಯಿ ಬಂದರು. ಒಳಗೆ ಮೊಮ್ಮಗ ಊರಿಂದ ಬಂದ ನೆಂಟರಿಗೆ ಕನ್ನಡದಲ್ಲಿ ಹೆಸರು ಹೇಳಲೂ ಬಾರದೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಅಮ್ಮನಿಗೂ ಬರುತ್ತಿರಲಿಲ್ಲ.

"ಏನ್ ಮಾಡೋದು ಹೇಳಿ," ಎಂದು ಆಕೆ ನಿಟ್ಟುಸಿರು ಬಿಟ್ಟರು. "ಇವಳು ಚಿಕ್ಕೋಳಿದ್ದಾಗ ಹ್ಯೂಸ್ಟನ್‌ನಲ್ಲಿ ಕನ್ನಡ ಹೇಳಿಕೊಡೋರೇ ಯಾರೂ ಇರ್ಲಿಲ್ಲ."

"ಇದ್ದರು" ಎಂದೆ.

"ಯಾರು?"

ನಾಟಕವಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ, ಅವರಿಗೆ ನಿಜವಾಗಿಯೂ ಹೊಳೆಯುತ್ತಿರಲಿಲ್ಲ. ನಾನು ಆಂಟಿಯ ಹೆಸರು ಹೇಳಿದೆ. ಆಕೆ ಹುಬ್ಬು ಗಂಟಿಕ್ಕಿ ಯೋಚಿಸಿದರು, ಒಂದು ಗುಟುಕು ಕುಡಿದರು, ಆಮೇಲೆ ಮುಖ ಅರಳಿತು.

"ಓ... ಆ ಡ್ರಿಂಕ್ಸ್ ಆಂಟೀನಾ?"